ಒಲೆ ಆರಿಸಿಟ್ಟು ಬೇಯಿಸಿದ ಫೂಲ್

ರಾತ್ರಿಯಿಡೀ ಸಣ್ಣ ಉರಿ ಇಲ್ಲದೆ ಫೂಲ್ ಮುದಮ್ಮಸ್ (ಫೂಲ್, ಅಂದರೆ ಒಣ ಫಾವಾ ಬೀನ್ಸ್ ಕಾಳನ್ನು ನಿಧಾನವಾಗಿ ಬೇಯಿಸಿ ಮಾಡುವ ಈಜಿಪ್ಟಿನ ತಿನಿಸು) ಆಗುವುದೇ ಇಲ್ಲ ಎಂದು ಕೈರೋದಲ್ಲಿ ಗಾಡಿಯವರೂ ಹೇಳುತ್ತಾರೆ, ಮನೆಮಂದಿಯೂ ಹೇಳುತ್ತಾರೆ. ಆಗುತ್ತದೆ. ಒಂದು ಗಂಟೆಯೊಳಗೆ ಉರಿಯ ಕೆಲಸ ಮುಗಿಯುತ್ತದೆ, ಮಿಕ್ಕ ಹನ್ನೆರಡು ಗಂಟೆ ಗಡಿಗೆ ಕಾವು ಹಿಡಿದಿಡುವ ಪೆಟ್ಟಿಗೆಯೊಳಗಿರುತ್ತದೆ. ಅನುಮಾನಪಟ್ಟ ನೆರೆಹೊರೆಯವರೇ ಈಗ ರಂಜಾನಿನಲ್ಲಿ ಸುಹೂರಿಗೆ (ಉಪವಾಸ ಶುರುವಾಗುವ ಮೊದಲಿನ ನಸುಕಿನ ಊಟ) ನನ್ನ ಫೂಲ್ ಕೇಳಿ ಪಾತ್ರೆ ಕಳಿಸುತ್ತಾರೆ. ಈಜಿಪ್ಟಿನ ಅಡುಗೆ ಮಾಡಿ ಅಭ್ಯಾಸವಿರುವವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಫೂಲ್ ಎಂದರೇನು ಎಂಬುದನ್ನು ಇನ್ನಷ್ಟು ಬಿಡಿಸಿ ಹೇಳುವುದಿಲ್ಲ.

ಯೋಚಿಸಿದರೆ ಇದು ಹೊಸದೂ ಅಲ್ಲ. ಹಳೇ ಕೈರೋದಲ್ಲಿ ಹಮ್ಮಾಮುಗಳ (ಸಾರ್ವಜನಿಕ ಸ್ನಾನಗೃಹಗಳ) ನೀರು ಕಾಯಿಸುವ ಕುಲುಮೆಯ ಬಿಸಿ ಬೂದಿಯಲ್ಲಿ ಫೂಲಿನ ಗಡಿಗೆಗಳನ್ನು ಹೂತಿಡುತ್ತಿದ್ದರು. ಬೂದಿಯ ಕೆಲಸ ಕಾವು ಹಿಡಿದಿಡುವುದು, ಕುದಿಸುವುದಲ್ಲ. ಕುದಿದರೆ ಕಾಳು ಒಂದಕ್ಕೊಂದು ಬಡಿದು ಸಿಪ್ಪೆ ಬಿಡುತ್ತದೆ, ರಸ ಕದಡುತ್ತದೆ. 75ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಅಲುಗಾಡದೆ ಕೂತ ಕಾಳು ಮಾತ್ರ ಸಿಪ್ಪೆಯೊಳಗೇ ಬೆಣ್ಣೆಯಾಗುತ್ತದೆ.

ಮೊದಲು ಕಾಳಿನ ಮಾತು, ಅರ್ಧ ಸೋಲು ಅಲ್ಲೇ ಇದೆ. ಬೇಕಾದದ್ದು ಸಣ್ಣ, ಗುಂಡನೆಯ ‘ಫೂಲ್ ಹಮ್ಮಾಮ್’. ದೊಡ್ಡ ಚಪ್ಪಟೆ ‘ರೂಮಿ’ ಕಾಳಿನ ಸಿಪ್ಪೆ ದಪ್ಪ, ಎಷ್ಟು ಬೆಂದರೂ ಬಾಯಲ್ಲಿ ಕಾಗದದ ಹಾಗೆ ಉಳಿಯುತ್ತದೆ. ಈಜಿಪ್ಟು ತಿನ್ನುವ ಫೂಲಿನ ಬಹುಪಾಲು ಈಗ ಆಸ್ಟ್ರೇಲಿಯಾ, ಬ್ರಿಟನ್ ಮೊದಲಾದ ಕಡೆಯಿಂದ ಬರುತ್ತದೆ. ಹಾಲೂಕ್ ಎಂಬ ಪರಾವಲಂಬಿ ಕಳೆ ಬೇರಿಗೆ ಅಂಟಿಕೊಂಡು ಇಲ್ಲಿನ ಹೊಲಗಳನ್ನು ಕಾಡಿದ್ದು ಅದಕ್ಕೊಂದು ಕಾರಣ. ಆಮದು ಕಾಳು ನೋಡಲು ಚೆಂದ, ಆದರೆ ಗೋದಾಮಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಕೂತದ್ದಾದರೆ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಬಣ್ಣ ಕಂದಿ ಕಡುಕಂದಾಗಿದ್ದರೆ ಮುಟ್ಟಬೇಡಿ. ಅಂಗಡಿಯಲ್ಲಿ ಕಾಲು ಕಿಲೋ ಮಾತ್ರ ತಂದು ನೆನೆಹಾಕಿ ನೋಡಿ, ಹನ್ನೆರಡು ಗಂಟೆಯಲ್ಲಿ ತೂಕ ಸರಿಸುಮಾರು ದುಪ್ಪಟ್ಟಾದರೆ ಆಮೇಲೆ ಐದು ಕಿಲೋ ಕೊಳ್ಳಿ. ಇಷ್ಟೊಂದು ಎಚ್ಚರಿಕೆ ದುಡ್ಡಿಗಾಗಿ. 2024ರ ಮಾರ್ಚ್‌ನಲ್ಲಿ ಈಜಿಪ್ಟಿನ ಪೌಂಡ್ ಕುಸಿದು ಡಾಲರಿಗೆ 31 ಇದ್ದದ್ದು 50ರ ಹತ್ತಿರ ಹೋಯಿತು. ನಾನು ಕೊಳ್ಳುವ ಕಾಳು ಕಿಲೋಗೆ ಅರವತ್ತು ಪೌಂಡಿನ ಆಸುಪಾಸು ಬಂದು ನಿಂತಿತು. ಬೇಯದ ಐದು ಕಿಲೋ ಎಂದರೆ ಮುನ್ನೂರು ಪೌಂಡು ಹೋದ ಹಾಗೆ.

ಲೆಕ್ಕ ಹೀಗಿದೆ. ಕಾಳು ಒಂದು ಕಿಲೋ. ತೇಲಿದ್ದು, ತೂತಾದದ್ದು ತೆಗೆದು ಹನ್ನೆರಡು ಗಂಟೆ ನೆನೆಸಿ. ಸೆಕೆಗಾಲದಲ್ಲಿ ನೀರು ಎರಡು ಸಲ ಬದಲಿಸಿ, ಇಲ್ಲದಿದ್ದರೆ ಹುಳಿವಾಸನೆ ಹಿಡಿಯುತ್ತದೆ. ಆ ನೀರು ಚೆಲ್ಲಿ, ಇದ್ರಾಗೆ (ಕಿರಿದಾದ ಕತ್ತಿನ ಅಲ್ಯೂಮಿನಿಯಂ ಗಡಿಗೆ, ನನ್ನದು ಐದು ಲೀಟರಿನದು) ಹಾಕಿ, ನಾಲ್ಕು ಚಮಚ ಕೆಂಪು ಮಸೂರಬೇಳೆ ಸೇರಿಸಿ, ಮೂರು ಲೀಟರ್ ಕುದಿನೀರು ಹೊಯ್ಯಿರಿ. ಬೇಳೆ ಕರಗಿ ರಸಕ್ಕೆ ಮೈ ಕೊಡುತ್ತದೆ, ಬಣ್ಣವನ್ನೂ ತಿಳಿಯಾಗಿಸುತ್ತದೆ. ಕೆಲವರು ಅಕ್ಕಿ, ಕೆಲವರು ಗೋಧಿ ಹಾಕುತ್ತಾರೆ. ಅಕ್ಕಿ ತಳ ಹಿಡಿಯುತ್ತದೆ, ನನಗೆ ಬೇಡ.

ದೊಡ್ಡ ಉರಿಯಲ್ಲಿ ಕುದಿ ಬಂದ ಮೇಲೆ ನೊರೆ ತೆಗೆದು, ಮಧ್ಯಮ ಉರಿಗೆ ಇಳಿಸಿ ಮುಕ್ಕಾಲು ಗಂಟೆ. ಇಲ್ಲಿ ಅವಸರ ಮಾಡಬಾರದು. ನೀರು ಕುದಿದ ಮಾತ್ರಕ್ಕೆ ಕಾಳಿನ ನಡುಭಾಗಕ್ಕೆ ಕಾವು ಹೋಗಿರುವುದಿಲ್ಲ. ತಣ್ಣಗಿನ ನಡುಭಾಗ ಪೆಟ್ಟಿಗೆಯ ಕಾವನ್ನೆಲ್ಲ ಕುಡಿದುಬಿಡುತ್ತದೆ. ಆಮೇಲೆ ಮುಚ್ಚಳ ಬಿಗಿದು, ಎರಡು ಟವೆಲ್ ಸುತ್ತಿ, ಮೀನು ಪ್ಯಾಕ್ ಮಾಡುವ ದಪ್ಪ ಥರ್ಮೋಕೋಲ್ ಪೆಟ್ಟಿಗೆಗೆ ಇಳಿಸಿ. ತಳದಲ್ಲಿ ಮರದ ಹಲಗೆ ಇರಲೇಬೇಕು. ಒಲೆಯಿಂದಿಳಿದ ಗಡಿಗೆ ನೇರವಾಗಿ ತಾಗಿದರೆ ಥರ್ಮೋಕೋಲ್ ಮೆತ್ತಗಾಗಿ ಕುಸಿದು ಗಡಿಗೆ ವಾಲುತ್ತದೆ. ಸಂದಿಗೆಲ್ಲ ಹಳೇ ಬಟ್ಟೆ ತುರುಕಿ, ಮೇಲೆ ಕಂಬಳಿ.

ಸಂಜೆ ಆರಕ್ಕೆ ಪೆಟ್ಟಿಗೆಗೆ ಹೋದದ್ದು ರಾತ್ರಿ ಹನ್ನೊಂದಕ್ಕೆ ಥರ್ಮಾಮೀಟರಿನಲ್ಲಿ 82-84 ತೋರಿಸುತ್ತದೆ. ಆಗ ಹೊರತೆಗೆದು ಹತ್ತು ನಿಮಿಷ ಮತ್ತೆ ಕುದಿ ಹತ್ತಿಸಿ ವಾಪಸ್ ಇಟ್ಟು ಮಲಗಿ. ಬೆಳಿಗ್ಗೆ ಆರಕ್ಕೆ 75ರ ಹತ್ತಿರ ಇರುತ್ತದೆ. 60ಕ್ಕಿಂತ ಕೆಳಗಿಳಿದಿದ್ದರೆ ಅದನ್ನು ತಿನ್ನಬೇಡಿ, ಮತ್ತೆ ಕುದಿಸಿದರೆ ಸರಿಹೋಗುತ್ತದೆಂಬ ನಂಬಿಕೆಯೂ ಬೇಡ. ನೀರು ಕಡಿಮೆಯಾದರೆ ಕುದಿನೀರನ್ನೇ ಹಾಕಿ. ಸೌಟು ಒಳಗೆ ಹೋಗಕೂಡದು.

ಇದು ಕೈಕೊಡುವುದು ಹೆಚ್ಚಾಗಿ ಪ್ರಮಾಣದಲ್ಲಿ. ಕಾಲು ಕಿಲೋ ಕಾಳು, ಒಂದು ಲೀಟರ್ ನೀರು ಎಂದರೆ ನಾಲ್ಕು ಗಂಟೆಯಲ್ಲಿ 65ಕ್ಕೆ ಬಂದು ನಿಲ್ಲುತ್ತದೆ, ಕಾಳಿನ ಒಳಗೆ ಸುಣ್ಣದಂಥ ಗಟ್ಟಿ ಉಳಿಯುತ್ತದೆ. ಗಡಿಗೆ ಕತ್ತಿನ ತನಕ ತುಂಬಿರಬೇಕು. ಖಾಲಿ ಜಾಗ ಬಿಟ್ಟಷ್ಟೂ ಕಾವು ನಷ್ಟ.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೆನೆಹಾಕುವ ನೀರಿಗೆ ಉಪ್ಪು ಹಾಕಿದಾಗ ಸಿಪ್ಪೆ ಮೆದುವಾಗಿಯೇ ಬಂದಿದೆ. ಬೇಯದಂತೆ ಮಾಡುವುದು ನಿಂಬೆ, ಟೊಮೇಟೊ ಮತ್ತು ಗಡುಸು ನೀರು. ಟೊಮೇಟೊ ಹುಳಿ ಅಲ್ಯೂಮಿನಿಯಮ್ಮಿಗೂ ಒಳ್ಳೆಯದಲ್ಲ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಸಾಬೂನಿನ ರುಚಿಯೂ ಬರುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಕಾಳು ಬೇಯುತ್ತದೆ, ಆದರೆ ಸಿಪ್ಪೆ ಒಡೆದು ರಸ ನೀರಾಗಿರುತ್ತದೆ. ಅದು ಬೆಂದ ಕಾಳು, ಮುದಮ್ಮಸ್ ಅಲ್ಲ. ಎಲೆಕ್ಟ್ರಿಕ್ ಸ್ಲೋ ಕುಕ್ಕರ್ ಚೆನ್ನಾಗಿ ಮಾಡುತ್ತದೆ. ಆದರೆ 2023-24ರಲ್ಲಿ ದಿನಾ ಒಂದೆರಡು ಗಂಟೆ ಕರೆಂಟ್ ತೆಗೆಯುತ್ತಿದ್ದಾಗ ಅದನ್ನು ನಂಬಿದವರ ಗಡಿಗೆಗಳು ನಡುವೆಯೇ ತಣ್ಣಗಾದವು. ನಾನು ಪೆಟ್ಟಿಗೆಯ ಕಡೆ ತಿರುಗಿದ್ದೇ ಅದರಿಂದ.

ಗ್ಯಾಸಿನ ಉಳಿತಾಯವೂ ಕಡಿಮೆಯಲ್ಲ. ಎಂಟು ಗಂಟೆ ಸಣ್ಣ ಉರಿಗೆ ನನ್ನ ಅಂದಾಜಿನಲ್ಲಿ 350 ಗ್ರಾಂ ಮೇಲೆ ಹೋಗುತ್ತಿತ್ತು, ಈಗ 200 ಗ್ರಾಂ ದಾಟುವುದಿಲ್ಲ. ಹನ್ನೆರಡೂವರೆ ಕಿಲೋ ಸಿಲಿಂಡರಿಗೆ ಮೂವತ್ತೈದು ಗಡಿಗೆ ಆಗುತ್ತಿದ್ದಲ್ಲಿ ಅರವತ್ತಕ್ಕೂ ಹೆಚ್ಚು. ಪೆಟ್ಟಿಗೆಗೆ ಖರ್ಚಾದದ್ದು ಒಂದು ಊಟದ ದುಡ್ಡು.

ಇನ್ನೊಂದು ಪ್ರಯೋಗ ಹೇಳಲೇಬೇಕು. ಇಲ್ಲಿ ಮೊಳಕೆ ಬಂದ ಫೂಲಿನಿಂದ ‘ಫೂಲ್ ನಾಬಿತ್’ ಎಂಬ ಜೀರಿಗೆ-ನಿಂಬೆಯ ತಿಳಿಸಾರು ಮಾಡುತ್ತಾರೆ, ಹುಷಾರಿಲ್ಲದವರಿಗೆ ಕೊಡುವಂಥದ್ದು. ಆ ಮೊಳಕೆಯನ್ನೇ ಇದ್ರಾಗೆ ಹಾಕಿ ನೋಡಿದೆ. ನೆನೆದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಮೂಗು ತೋರಿಸುತ್ತಿದ್ದಂತೆ ಬೇಯಿಸಿದರೆ ಒಂದೂವರೆ ಗಂಟೆ ಮೊದಲೇ ಮೆತ್ತಗಾಗುತ್ತದೆ, ಸಣ್ಣ ಸಿಹಿ ಇರುತ್ತದೆ. ಮೊಳಕೆ ಉದ್ದವಾದರೆ ಕಹಿ. ಒಣ ಅವರೆಕಾಳಿನಲ್ಲೂ ಮಾಡಿದೆ. ಅವರೆಯ ಸೊಗಡು ಚೆನ್ನಾಗಿಯೇ ಇತ್ತು, ಆದರೆ ಸಿಪ್ಪೆ ಗಟ್ಟಿ, ರಸ ಕೂಡಿಬರಲಿಲ್ಲ. ಅದನ್ನು ಹಿತಕಿದ ಬೇಳೆಗೇ ಬಿಡುವುದು ಒಳ್ಳೆಯದು. ಊರಲ್ಲಿ ರಾಜ್ಮಾ ಇಟ್ಟು ಈ ಪೆಟ್ಟಿಗೆ ಪ್ರಯತ್ನಿಸುವವರು ಮೊದಲು ಅದನ್ನು ಭರ್ತಿ ಕುದಿಯಲ್ಲಿ ಅರ್ಧ ಗಂಟೆ ಬೇಯಿಸಿ, ಬರೀ ಕಾವಿನಲ್ಲಿಟ್ಟ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಕೊರತೆ (ಹುಟ್ಟಿನಿಂದಲೇ ಬರುವ ಒಂದು ಕಿಣ್ವದ ಕೊರತೆ) ಇದ್ದರೆ ಫೂಲ್ ಬೇಡವೇ ಬೇಡ, ಅವರ ಕೆಂಪು ರಕ್ತಕಣಗಳು ಒಡೆಯಬಹುದು.

ಬಡಿಸುವಾಗ ಅರ್ಧ ಕಾಳು ಮಾತ್ರ ಜಜ್ಜಿ, ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಉಪ್ಪು, ಆಗತಾನೆ ಪುಡಿಮಾಡಿದ ಜೀರಿಗೆ, ನಿಂಬೆ. ಮೇಲೆ ‘ಜೇತ್ ಹಾರ್’, ಅಂದರೆ ಅಗಸೆ ಎಣ್ಣೆ, ತಟ್ಟೆಗೆ ಒಂದು ಚಮಚ. ಅದರ ಘಾಟು ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಕಾಯಿಸಬೇಡಿ, ಸಣ್ಣ ಬಾಟಲಿಯೇ ಕೊಳ್ಳಿ, ಬೇಗ ಕಮಟುತ್ತದೆ. ಅಲೆಕ್ಸಾಂಡ್ರಿಯಾದ ರೀತಿಯಲ್ಲಿ ತಹೀನಿ (ಅರೆದ ಎಳ್ಳು), ಟೊಮೇಟೊ, ಈರುಳ್ಳಿ, ಹಸಿಮೆಣಸು ಸೇರಿಸುವುದಾದರೆ ಅಗಸೆ ಎಣ್ಣೆ ಬಿಟ್ಟುಬಿಡಿ, ಎರಡೂ ಕೂಡುವುದಿಲ್ಲ. ಉಪವಾಸದ ದಿನಗಳಲ್ಲಿ ಕಾಪ್ಟಿಕ್ ಕ್ರೈಸ್ತರು ತುಪ್ಪ, ಮೊಟ್ಟೆ ಮುಟ್ಟುವುದಿಲ್ಲ. ಅವರಿಗೆ ಕೊಡುವ ಗಡಿಗೆಗೆ ಸಮ್ನ (ತುಪ್ಪ) ತಾಗಿದ ಸೌಟೂ ಹೋಗಬಾರದು. ಎರಡನೇ ಕುದಿಯ ಹೊತ್ತಿಗೆ ನಾನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುವ ಪುಟ್ಟ ಗಂಟಿನೊಳಗೆ ಏನಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಮಿಕ್ಕದ್ದನ್ನು ಉಪ್ಪು, ನಿಂಬೆ ಸೇರಿಸುವ ಮೊದಲೇ ರಸದ ಸಮೇತ ಡಬ್ಬಿಗಳಿಗೆ ಹಾಕಿ ಫ್ರೀಜರಿನಲ್ಲಿಡಿ, ಎರಡು ತಿಂಗಳು ಕೆಡುವುದಿಲ್ಲ. ಕರಗಿದಾಗ ರಸ ಗಟ್ಟಿಯಾಗಿರುತ್ತದೆ, ಡಬ್ಬಿಗೆ ಅರ್ಧ ಲೋಟ ಕುದಿನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿಮಾಡಿ.