ಕುರ್ಚಿಯಿಂದ ಏಳುವಾಗ ಉಸಿರು ಕಟ್ಟಬೇಡಿ

ವಯಸ್ಸಾದವರ ಹೃದಯಕ್ಕೆ ವಾಕಿಂಗ್ ಒಂದೇ ಸಾಕು ಅಂತ ಜಾಸ್ತಿ ಜನ ನಂಬಿದ್ದಾರೆ. ಸಾಲದು. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೂ ಕೆಲಸ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶುರು ಮಾಡಲು ಒಂದು ಕುರ್ಚಿ ಸಾಕು.

1. ಹೃದ್ರೋಗ, ಬಿಪಿ ಇರುವವರು ಮೊದಲು ವೈದ್ಯರನ್ನು ಕೇಳಿ.

2. ಚಕ್ರವಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. 5 ನಿಮಿಷ ಮೆಲ್ಲಗೆ ನಡೆದು ಮೈ ಬೆಚ್ಚಗಾಗಿಸಿಕೊಳ್ಳಿ.

3. ಎಲ್ಲರೂ ಎಡವುವುದು ಇಲ್ಲೇ. ಕುರ್ಚಿಯ ಮುಂಭಾಗಕ್ಕೆ ಜರುಗಿ ಕೂತುಕೊಳ್ಳಿ. ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಸೊಂಟದಿಂದ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳುಗಳ ನೇರಕ್ಕೆ ಬರಲಿ. ಈಗ ಬಾಯಿಂದ ಉಸಿರು ಬಿಡುತ್ತಾ ಏಳಿ. ಬಹಳ ಜನ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಎದ್ದುಬಿಡುತ್ತಾರೆ. ಹಾಗೆ ತಿಣುಕಿದರೆ ಬಿಪಿ ತಟ್ಟನೆ ಏರುತ್ತದೆ. ಉಸಿರು ಮರೆತುಹೋಗುತ್ತಿದ್ದರೆ "ಒಂದು, ಎರಡು" ಅಂತ ಜೋರಾಗಿ ಎಣಿಸಿ. ಮಾತಾಡುತ್ತಾ ಉಸಿರು ಕಟ್ಟಲು ಆಗುವುದಿಲ್ಲ, ಅಲ್ವಾ? ಕೂರುವಾಗ ಧೊಪ್ಪನೆ ಬೀಳಬೇಡಿ. ಉಸಿರು ಎಳೆದುಕೊಳ್ಳುತ್ತಾ, ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಇಳಿಯಿರಿ. ಕಾಲಿನ ಸ್ನಾಯುಗಳಿಗೆ ಇಳಿಯುವಾಗಲೂ ಒಳ್ಳೆಯ ಕೆಲಸ ಸಿಗುತ್ತದೆ. ಆಗದಿದ್ದರೆ ಕುರ್ಚಿಯ ಕೈ ಹಿಡಿದುಕೊಳ್ಳಿ, ನಾಚಿಕೆ ಏನೂ ಬೇಡ.

4. 8ರಿಂದ 12 ಸಲ ಸಾಕು. ಇನ್ನೂ ಎರಡು ಸಲ ಆಗುತ್ತಿತ್ತು ಅನ್ನಿಸುವಾಗಲೇ ನಿಲ್ಲಿಸಿ. ನಾಡಿ ಲೆಕ್ಕ ತೋರಿಸುವ ಕೈಗಡಿಯಾರ ನನಗಂತೂ ಬೇಡವೇ ಬೇಡ. ಬೀಟಾ ಬ್ಲಾಕರ್ (ಹೃದಯದ ಬಡಿತ ನಿಧಾನ ಮಾಡುವ) ಮಾತ್ರೆ ನುಂಗುವವರ ನಾಡಿ ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. ಮಾತಾಡಲು ಆಗುತ್ತಿದೆಯೇ ನೋಡಿ, ಅಷ್ಟೇ. ತಲೆ ಸುತ್ತಿದರೆ ಕೂತುಬಿಡಿ. ಎದೆ ಬಿಗಿದು ದವಡೆಗೋ ತೋಳಿಗೋ ನೋವು ಹರಿದರೆ ತಕ್ಷಣ ಆಂಬುಲೆನ್ಸ್ ಕರೆಸಿ.

5. ಗೋಡೆಗೆ ಕೈ ಊರಿ ತಳ್ಳುವುದು, ರಬ್ಬರ್ ಪಟ್ಟಿ ಎಳೆಯುವುದು: ಉಸಿರಿನ ನಿಯಮ ಅದೇ. ಬಿರುಕು ಬಿಟ್ಟ ಪಟ್ಟಿ ಎಸೆಯಿರಿ, ಕಿತ್ತು ಮುಖಕ್ಕೆ ಹೊಡೆಯುತ್ತದೆ.

6. ಊಟ. ಪ್ರತಿ ಹೊತ್ತಿನಲ್ಲೂ ಪ್ರೋಟೀನ್ ಇರಲಿ, ರಾತ್ರಿ ಒಂದೇ ಸಲ ತುರುಕಬೇಡಿ. ಕಿಡ್ನಿ ತೊಂದರೆ ಇದ್ದರೆ ಎಷ್ಟು ಅಂತ ವೈದ್ಯರು ಹೇಳಲಿ. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಪೊಟ್ಟಣದ ಮೇಲೆ ಸೋಡಿಯಂ ಲೆಕ್ಕ ಇರುತ್ತದೆ, ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು.

"ಹೃದಯಕ್ಕೆ ಒಳ್ಳೆಯದು" ಅಂತ ಮಾರುವ ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆ ಹುಷಾರು. ಸಾಮಾನ್ಯವಾಗಿ ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಕಿಡ್ನಿ ಕಾಯಿಲೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಮೈಯಲ್ಲಿ ಜಾಸ್ತಿಯಾಗಿ ಹೃದಯದ ಬಡಿತವನ್ನೇ ಕೆಡಿಸಬಹುದು. ಮಾತ್ರೆಯ ಪಟ್ಟಿಯನ್ನು ವೈದ್ಯರಿಗೆ ತೋರಿಸಿದ ಮೇಲೆ ಕೊಳ್ಳಿ.