ಪೊಟ್ಯಾಷ್ ಚೀಲದಿಂದ ಬೆಲಾರೂಸ್‌ವರೆಗೆ: ಸಾಗರದಲ್ಲಿ ಕುಳಿತು ವಿದೇಶ ರಾಜಕೀಯ ಬರೆದ ನನ್ನ ಅನುಭವ

ಸಾಗರದಿಂದ ನಾನು ಹೊರಡಿಸುವ ನಾಲ್ಕು ಪುಟದ ಪಾಕ್ಷಿಕಕ್ಕೆ ಈಗ ಹೆಚ್ಚುಕಡಿಮೆ ಒಂದೂವರೆ ಸಾವಿರ ಚಂದಾದಾರರಿದ್ದಾರೆ. ಅದರಲ್ಲಿ ಊರಿನ ಅಪಘಾತದ ಸುದ್ದಿ ಇಲ್ಲ, ಶ್ರದ್ಧಾಂಜಲಿ ಇಲ್ಲ, ರಾಶಿಫಲ ಇಲ್ಲ. ರಾಜ್ಯ, ದೇಶ, ವಿದೇಶಗಳ ರಾಜಕೀಯದ ಬಗ್ಗೆ ನನ್ನ ಅಭಿಪ್ರಾಯ ಇರುತ್ತದೆ, ಅದೂ ಮುಚ್ಚುಮರೆಯಿಲ್ಲದೆ. ಕಳೆದ ವರ್ಷದಿಂದ ಕೈಯಿಂದ ಹಣ ಹಾಕುವುದು ನಿಂತಿದೆ. ಈ ವರ್ಷ ಖರ್ಚು ಕಳೆದು ಸ್ವಲ್ಪ ಉಳಿದೂ ಇದೆ.

ಶುರು ಮಾಡುವಾಗ ಶಿವಮೊಗ್ಗದ ಹಿರಿಯ ಸಂಪಾದಕರೊಬ್ಬರು, "ಅಡಿಕೆ ಧಾರಣೆ, ಪಂಚಾಯಿತಿ ಜಗಳ, ಇವೆರಡು ಬಿಟ್ಟು ಮೂರನೆಯದನ್ನು ಮಲೆನಾಡಿನಲ್ಲಿ ಯಾರೂ ದುಡ್ಡು ಕೊಟ್ಟು ಓದುವುದಿಲ್ಲ ಮಾರಾಯರೇ" ಎಂದಿದ್ದರು. ಮುದ್ರಣಾಲಯದವರಿಗೂ ಅದೇ ಅನುಮಾನವಿತ್ತು. ಪ್ರತಿ ಸಂಚಿಕೆಗೂ ಮುಂಗಡ ಕೇಳುತ್ತಿದ್ದರು. ಈಗ ಸಣ್ಣ ಪತ್ರಿಕೆ ನಡೆಸುವ ಗೆಳೆಯರೇ ಇದನ್ನು ಹೇಗೆ ಸಾಧಿಸಿದಿರಿ ಎಂದು ವಿಚಾರಿಸುತ್ತಿರುವುದರಿಂದ ಬರೆಯುತ್ತಿದ್ದೇನೆ. ನೋಂದಣಿ, ಅಂಚೆ ರಿಯಾಯಿತಿ, ಪುಟವಿನ್ಯಾಸ ನಿಮಗೆಲ್ಲ ಗೊತ್ತಿರುವುದೇ. ಅವನ್ನು ಬಿಡುತ್ತೇನೆ.

ಮೊದಲ ವರ್ಷ, ಅಂದರೆ 2021ರಲ್ಲಿ, ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. ಹದಿನೈದು ದಿನದ ಜಗತ್ತಿನ ಸುದ್ದಿಯ ಸಾರಾಂಶ, ಕೊನೆಗೊಂದು ಟಿಪ್ಪಣಿ. ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಸೇರಿದಾಗ ಎರಡು ಪುಟ ಅದಕ್ಕೇ ಕೊಟ್ಟೆ. ಆ ಸಂಚಿಕೆ ಮನೆಗಳಿಗೆ ತಲುಪುವಷ್ಟರಲ್ಲಿ ಟಿವಿಯಲ್ಲಿ ಅದೇ ವಿಷಯ ಅರೆದು ಅರೆದು ಹಿಟ್ಟಾಗಿತ್ತು. ಒಬ್ಬರೂ ಆ ಬಗ್ಗೆ ಮಾತನಾಡಲಿಲ್ಲ. ಆಮೇಲೆ ಕೆಲವು ತಿಂಗಳು ಪಕ್ಷ ರಾಜಕೀಯಕ್ಕೆ ಕೈ ಹಾಕಿದೆ. ಬೈಸಿಕೊಂಡ ಕಡೆಯವರು ಚಂದಾ ನಿಲ್ಲಿಸಿದರು, ಹೊಗಳಿಸಿಕೊಂಡ ಕಡೆಯವರು ಉಚಿತ ಪ್ರತಿ ಕೇಳಿದರು. ಆಗ ಚಂದಾದಾರರು ನಾಲ್ಕುನೂರರ ಹತ್ತಿರ, ವರ್ಷಕ್ಕೆ ಇನ್ನೂರು ರೂಪಾಯಿ. ಒಂದು ಸಂಚಿಕೆಗೆ ಮುದ್ರಣ, ಅಂಚೆ ಸೇರಿ ಆರೇಳು ಸಾವಿರ ಬೀಳುತ್ತಿತ್ತು. ವರ್ಷದ ಕೊನೆಗೆ ತೊಂಬತ್ತು ಸಾವಿರದಷ್ಟು ಕೈಬಿಟ್ಟಿತು. ಆ ವರ್ಷದ ಕಾಳುಮೆಣಸಿನ ದುಡ್ಡು ಅಲ್ಲಿಗೆ ಹೋಯಿತು. ಮನೆಯಲ್ಲಿ ಅಣ್ಣ, "ಇನ್ನೊಂದು ವರ್ಷ ನೋಡು, ಆಮೇಲೆ ತೋಟದ ಕಡೆ ಬಾ" ಎಂದ.

ದಾರಿ ತೋರಿಸಿದ್ದು ಗೊಬ್ಬರದ ಚೀಲ. 2022ರಲ್ಲಿ ಪೊಟ್ಯಾಷ್‌ನ 50 ಕೆಜಿ ಚೀಲಕ್ಕೆ 1,700 ರೂಪಾಯಿ ಆಯಿತು. ಅದಕ್ಕಿಂತ ಮೊದಲು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. ಸೊಸೈಟಿಯ ಕಟ್ಟೆಯ ಮೇಲೆ ಕುಳಿತವರೆಲ್ಲ ಉಕ್ರೇನ್ ಯುದ್ಧವನ್ನು ಬೈಯುತ್ತಿದ್ದರು. ನನಗೆ ತಾರೀಖುಗಳು ಹೊಂದಿಕೆಯಾಗಲಿಲ್ಲ. ರಷ್ಯಾ ಉಕ್ರೇನಿಗೆ ನುಗ್ಗಿದ್ದು ಫೆಬ್ರವರಿ 24ಕ್ಕೆ; ಜಾಗತಿಕ ಮಾರುಕಟ್ಟೆಯಲ್ಲಿ ಪೊಟ್ಯಾಷ್ ಏರಲು ಶುರುವಾದದ್ದು ಹಿಂದಿನ ವರ್ಷವೇ. ಕೆದಕುತ್ತಾ ಹೋದರೆ ಪೊಟ್ಯಾಷ್ ರಫ್ತು ಮಾಡುವ ದೊಡ್ಡ ದೇಶಗಳಲ್ಲೊಂದಾದ ಬೆಲಾರೂಸ್ ಸಿಕ್ಕಿತು. ಅಲ್ಲಿನ ಅಧ್ಯಕ್ಷ ಲುಕಾಶೆಂಕೊ 2020ರ ಚುನಾವಣೆಯಲ್ಲಿ ತಾನೇ ಗೆದ್ದೆನೆಂದು ಘೋಷಿಸಿಕೊಂಡು ಪ್ರತಿಭಟನಕಾರರನ್ನು ಜೈಲಿಗಟ್ಟಿದ. 2021ರ ಮೇ ತಿಂಗಳಲ್ಲಿ ಪತ್ರಕರ್ತನೊಬ್ಬನನ್ನು ಹಿಡಿಯಲು ಆಕಾಶದಲ್ಲಿದ್ದ ವಿಮಾನವನ್ನೇ ಬಲವಂತವಾಗಿ ಇಳಿಸಿದ. ಯುರೋಪ್ ನಿರ್ಬಂಧ ಹೇರಿತು. ಬೆಲಾರೂಸಿನ ಪೊಟ್ಯಾಷ್ ಸಮುದ್ರ ಸೇರುತ್ತಿದ್ದ ರೈಲು ಮಾರ್ಗವನ್ನು ನೆರೆಯ ಲಿಥುವೇನಿಯಾ 2022ರ ಫೆಬ್ರವರಿ 1ರಿಂದ ನಿಲ್ಲಿಸಿತು. ಯುದ್ಧಕ್ಕೆ ಮೂರು ವಾರ ಮೊದಲು! ನಾವು ಬಳಸುವ ಪೊಟ್ಯಾಷ್ ಪೂರ್ತಿ ಆಮದಿನದು. ಚೀಲದ ಮೇಲೇ ಹಾಗೆಂದು ಅಚ್ಚಾಗಿರುತ್ತದೆ.

ಚೀಲದ ಚಿತ್ರ ಮೇಲೆ, ಬೆಲಾರೂಸಿನ ನಕ್ಷೆ ಕೆಳಗೆ, ಮೊದಲ ಸಾಲಿನಲ್ಲೇ ನನ್ನ ಅಭಿಪ್ರಾಯ: ಒಬ್ಬ ಸರ್ವಾಧಿಕಾರಿ ಚುನಾವಣೆ ಕದ್ದರೆ ಅದರ ಬಿಲ್ ಹೊಸನಗರದ ಅಡಿಕೆ ತೋಟಕ್ಕೂ ಬರುತ್ತದೆ, ಆದ್ದರಿಂದ ಅಲ್ಲಿನ ಪ್ರಜಾಪ್ರಭುತ್ವ ನಮ್ಮದೂ ತಕರಾರು. ಆ ಸಂಚಿಕೆ ಎರಡನೆಯ ಸಲ ಮುದ್ರಿಸಬೇಕಾಯಿತು. ಮುದ್ರಣಾಲಯದವರು ಆ ಸಲ ಮುಂಗಡ ಕೇಳಲಿಲ್ಲ.

ಅದೇ ಹೊತ್ತಿಗೆ ಯುದ್ಧ ನನ್ನ ಜೇಬಿಗೂ ಕೈ ಹಾಕಿತು. ಪತ್ರಿಕಾ ಕಾಗದಕ್ಕೆ ನಾವು ರಷ್ಯಾ, ಕೆನಡಾದಂಥ ದೇಶಗಳನ್ನು ನೆಚ್ಚಿಕೊಂಡವರು. ಕಾಗದದ ದರ ಏರಿ ಒಂದು ಸಂಚಿಕೆಯ ಖರ್ಚು ಒಂಬತ್ತು ಸಾವಿರ ದಾಟಿತು. ಆಮದು ಕಾಗದದ ಮೇಲೆ ಕೇಂದ್ರ ಹಾಕುವ ಶೇ 5ರ ಸುಂಕ ಅಷ್ಟರ ಮೇಲೆ. ದೊಡ್ಡ ಪತ್ರಿಕೆಗಳು ಪುಟ ಕಡಿಮೆ ಮಾಡಿ ಬದುಕುತ್ತವೆ, ನಾಲ್ಕು ಪುಟದವನು ಎಲ್ಲಿ ಕಡಿಮೆ ಮಾಡಬೇಕು? ಓದುವ ಕಾಗದಕ್ಕೆ ಸುಂಕ ಹಾಕುವುದು ಅನ್ಯಾಯ ಎಂದು ಆಗ ಬರೆದೆ, ಈಗಲೂ ಅದನ್ನೇ ಹೇಳುತ್ತೇನೆ. ಚಂದಾ ಮುನ್ನೂರಕ್ಕೆ ಏರಿಸಿದೆ. ಕಾಗದದ ರಸೀದಿಯನ್ನೇ ಮೊದಲ ಪುಟದಲ್ಲಿ ಅಚ್ಚು ಹಾಕಿದ್ದರಿಂದಲೋ ಏನೋ, ಬಿಟ್ಟುಹೋದವರು ತೀರಾ ಕಡಿಮೆ.

ಅಲ್ಲಿಂದ ನನ್ನ ಕ್ರಮ ಗಟ್ಟಿಯಾಯಿತು. ಓದುಗರ ಕೈಯಲ್ಲಿ ಈಗಾಗಲೇ ಇರುವ ಒಂದು ವಸ್ತು ಅಥವಾ ಕಾಗದ ಹಿಡಿಯುತ್ತೇನೆ. ಅದಕ್ಕೆ ಸಂಬಂಧಪಟ್ಟ ಸರಕಾರಿ ಆದೇಶದ ಮೂಲ ಪ್ರತಿಯನ್ನು ಕೊನೆಯ ಷರಾದವರೆಗೆ ಓದುತ್ತೇನೆ. ಅಭಿಪ್ರಾಯವನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡುತ್ತೇನೆ. ವಿದೇಶದ ಆದೇಶಗಳನ್ನು ಎಲ್ಲಿಂದ ತೆಗೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಪತ್ತೆ ಮಾಡಲು ನನಗೆ ಬಹಳ ಕಾಲ ಹಿಡಿದಿದೆ.

ಈ ಕ್ರಮ ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಭೂತಾನ್ ಅಡಿಕೆಯಲ್ಲಿ. 2022ರ ಸೆಪ್ಟೆಂಬರ್ ಕೊನೆಗೆ ಕೇಂದ್ರ ಸರಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಒಪ್ಪಿತು. ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗಕ್ಕೆ ತರಿಸಬಾರದೆಂಬ ಮಿತಿ (ಆಗ ಕೆಜಿಗೆ 251 ರೂಪಾಯಿ), ಈ ಅಡಿಕೆಗೆ ಅನ್ವಯಿಸುವುದಿಲ್ಲ. ಬರಬೇಕಾದದ್ದು ಪಶ್ಚಿಮ ಬಂಗಾಳದ ಜೈಗಾಂವ್ ಸುಂಕ ಠಾಣೆಯ ಮೂಲಕ. ಆಗ ಕ್ವಿಂಟಲಿಗೆ ಐವತ್ತು ಸಾವಿರದ ಆಸುಪಾಸಿನಲ್ಲಿದ್ದ ರಾಶಿ ಇಡಿ ಎಂಬ ಒಣ ಅಡಿಕೆಯ ದರ ಕೆಳಗಿಳಿಯತೊಡಗಿತ್ತು. ತೀರ್ಥಹಳ್ಳಿ, ಸಾಗರ, ಶಿರಸಿ, ಎಲ್ಲ ಕಡೆ ಭೂತಾನೇ ಮಾತು. ಒಂದು ಪಕ್ಷದವರು ಬೆಳೆಗಾರನ ಕುತ್ತಿಗೆ ಕೊಯ್ದರು ಎಂದರು, ಇನ್ನೊಂದು ಪಕ್ಷದವರು ಆದೇಶವನ್ನೇ ಓದದೆ ಏನೂ ಆಗಿಲ್ಲ ಎಂದರು.

ನಾನು ಆದೇಶದಲ್ಲಿ 'ಹಸಿ' ಎಂದಿದ್ದ ಕಡೆ ಗೆರೆ ಎಳೆದು ಮಂಡಿಗೆ ಹೋದೆ. ಹಸಿ ಅಡಿಕೆ ಕ್ವಿಂಟಲ್ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗುವುದು ಹನ್ನೆರಡು ಹದಿಮೂರು ಕೆಜಿ. ಇದು ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಇಲ್ಲಿನ ಚೇಣಿದಾರನಿಗೂ ಬಾಯಿಪಾಠ. ಮಂಡಿಯ ಗುಮಾಸ್ತರೊಬ್ಬರು ನನ್ನೆದುರಿಗೇ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುಣಿಸಿದರು: ಸಿಪ್ಪೆ ಸಮೇತ ಬರುವ 17,000 ಟನ್ನಿಗೆ ಒಣ ಅಡಿಕೆ ಎರಡು ಸಾವಿರ ಟನ್ನಿಗೆ ಚೂರು ಮೇಲೆ. ದೇಶದ ಬೆಳೆ ಹತ್ತು ಲಕ್ಷ ಟನ್ನಿಗೂ ಹೆಚ್ಚು. ಸಾವಿರಕ್ಕೆ ಎರಡು ಪಾಲು. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಇನ್ನೊಮ್ಮೆ ಸೊನ್ನೆಗಳನ್ನು ಎಣಿಸಿದರು. ಅದೂ ಅಲ್ಲದೆ ಆ ಗಡಿಯ ಸುತ್ತಲಿನ ಅಸ್ಸಾಂ, ಮೇಘಾಲಯದ ಜನ ಹಸಿ ಅಡಿಕೆಯನ್ನೇ ತಿನ್ನುವವರು.

ಹಾಗಾದರೆ ಸರಕಾರ ಯಾಕೆ ಕೊಟ್ಟಿತು? 2017ರಲ್ಲಿ ಡೋಕ್ಲಾಮ್‌ನಲ್ಲಿ ನಮ್ಮ ಸೈನಿಕರು ಚೀನಾದ ಸೈನಿಕರೆದುರು ಎರಡು ತಿಂಗಳಿಗೂ ಹೆಚ್ಚು ಕಾಲ ನಿಂತದ್ದು ಭೂತಾನ್ ತನ್ನದೆನ್ನುವ ನೆಲದಲ್ಲಿ. 2021ರ ಅಕ್ಟೋಬರಿನಲ್ಲಿ ಗಡಿ ಮಾತುಕತೆ ಚುರುಕುಗೊಳಿಸಲು ಚೀನಾ ಮತ್ತು ಭೂತಾನ್ ಒಪ್ಪಂದವನ್ನೇ ಮಾಡಿಕೊಂಡಿದ್ದವು. ಅಂಥ ನೆರೆಯವನನ್ನು ಹತ್ತಿರ ಇಟ್ಟುಕೊಳ್ಳಲು ಇಷ್ಟು ಕೊಟ್ಟದ್ದು ಸರಿ ಎಂದು ಬರೆದೆ. ಬೆಳೆಗಾರರಿಗೆ ಒಂದು ಮಾತು ಹೇಳದೆ ಕೊಟ್ಟದ್ದು ತಪ್ಪು ಎಂದೂ ಬರೆದೆ. ಮ್ಯಾನ್ಮಾರ್ ಗಡಿಯಿಂದ ಕಳ್ಳದಾರಿಯಲ್ಲಿ ಬರುವ ಅಡಿಕೆಯನ್ನು ಬಿಟ್ಟು ಭೂತಾನಿನ ಮೇಲೆ ಕೂಗಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ದಪ್ಪಕ್ಷರದಲ್ಲಿ ಹಾಕಿದೆ. ಮುಂದಿನ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು 351ಕ್ಕೆ ಏರಿಸಿದಾಗ ಊರಲ್ಲಿ ಪಟಾಕಿ ಹೊಡೆದರು. ಸುಂಕದ ಕಟ್ಟೆಗೇ ಬಾರದ ಸರಕನ್ನು ಆ ಬೆಲೆ ಹೇಗೆ ತಡೆಯುತ್ತದೆ ಎಂದು ಆಗಲೂ ಕೇಳಿದವನು ನಾನೊಬ್ಬನೇ ಇರಬೇಕು.

ಭೂತಾನ್ ಸಂಚಿಕೆ ಬಂದ ವಾರ ಒಂದು ಸಂಸ್ಥೆ ದೀಪಾವಳಿ ಜಾಹೀರಾತನ್ನು ಹಿಂತೆಗೆದುಕೊಂಡಿತು. ಎಂಟು ಸಾವಿರ ಹೋಯಿತು. ಮನೆಗೆ ಬಂದು ಜಗಳವಾಡಿದವರೂ ಇದ್ದಾರೆ. ಆದರೆ ಆ ಲೆಕ್ಕದ ಜೆರಾಕ್ಸ್ ಪ್ರತಿ ಮಂಡಿಯ ಗೋಡೆಗಳ ಮೇಲೆ ಅಂಟಿತು, ವೇದಿಕೆಗಳಲ್ಲಿ ನನ್ನ ಹೆಸರು ಹೇಳದೆ ಅದನ್ನು ಓದಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಚಂದಾದಾರರು ಏಳುನೂರು ದಾಟಿದ್ದರು. ಬೈದವರಲ್ಲಿ ಅರ್ಧದಷ್ಟು ಜನ ಈಗ ನನ್ನ ಪಟ್ಟಿಯಲ್ಲಿದ್ದಾರೆ.

ಸುಡಾನ್ ಬೇರೆಯದೇ ಪರೀಕ್ಷೆ. ಅದಕ್ಕೆ ಚೀಲವೂ ಇಲ್ಲ, ಆದೇಶವೂ ಇಲ್ಲ, ಮನುಷ್ಯರು ಇದ್ದರು. 2023ರ ಏಪ್ರಿಲ್ 15ಕ್ಕೆ ಅಲ್ಲಿ ಸೇನೆ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ ಕಾದಾಟಕ್ಕಿಳಿದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಅಲ್ಲಿ ಸಿಕ್ಕಿಬಿದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಆಫ್ರಿಕಾದ ಎಷ್ಟೋ ದೇಶ ಸುತ್ತುವ ಜನ ಅವರು. ಎಲ್ ಫಾಶರ್ ಪಟ್ಟಣದಲ್ಲಿದ್ದವರು ಹಡಗು ಹತ್ತಬೇಕಾದ ಪೋರ್ಟ್ ಸುಡಾನಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಇತ್ತ ವಿಧಾನಸಭೆ ಚುನಾವಣೆ ಮೇ 10ಕ್ಕೆ. ಅವರನ್ನು ಕರೆತನ್ನಿ ಎಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ರಾಜಕೀಯ ಮಾಡಬೇಡಿ ಎಂದು ಸಿಟ್ಟಾಗಿ ಉತ್ತರಿಸಿದರು, ರಾಜ್ಯದ ಸುದ್ದಿಯೆಲ್ಲ ಆ ಜಟಾಪಟಿಯೇ ಆಯಿತು. ನಾನು ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿ ಕ್ಯಾಂಪೊಂದಕ್ಕೆ ಹೋಗಿ ಕುಳಿತೆ. ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಿಂದ ಪಾಸ್‌ಪೋರ್ಟುಗಳ ಪ್ರತಿ ತೆಗೆದು ಒಂದೊಂದೇ ಮುದ್ರೆ ತೋರಿಸುತ್ತಾ ಯಾವ ದೇಶದಲ್ಲಿ ಎಂಥ ಜನ, ಎಲ್ಲಿ ಪೊಲೀಸರು ದುಡ್ಡು ಕೇಳುತ್ತಾರೆ, ಎಲ್ಲಿ ಊಟ ಹಾಕುತ್ತಾರೆ ಎಂದು ಹೇಳಿದರು. ನಮ್ಮ ಜಿಲ್ಲೆಯಲ್ಲಿ ಆಫ್ರಿಕಾದ ರಾಜಕೀಯವನ್ನು ಆ ಅಜ್ಜಿಯಷ್ಟು ಬಲ್ಲ ಉಪನ್ಯಾಸಕರನ್ನು ನಾನು ಕಂಡಿಲ್ಲ.

'ಆಪರೇಷನ್ ಕಾವೇರಿ'ಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಭಾರತೀಯರು ವಾಪಸಾದರು. ಆ ಕೆಲಸಕ್ಕೆ ವಿದೇಶಾಂಗ ಇಲಾಖೆಗೆ ಪೂರ್ತಿ ಅಂಕ ಕೊಟ್ಟೆ. ಅದರ ನಂತರ ಎಲ್ಲರೂ ಸುಡಾನನ್ನು ಮರೆತರು, ನಾನು ಬಿಡಲಿಲ್ಲ. ಆರ್‌ಎಸ್‌ಎಫ್‌ಗೆ ಯುಎಇಯಿಂದ ಶಸ್ತ್ರ ಹೋಗುತ್ತಿದೆ ಎಂಬ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರ ವರದಿ 2024ರ ಜನವರಿಯಲ್ಲಿ ಹೇಳಿತು. ಯುಎಇ ಅದನ್ನು ಅಲ್ಲಗಳೆಯುತ್ತಲೇ ಇದೆ. ಆ ದೇಶದ ಜೊತೆ ನಮಗೆ 2022ರ ವ್ಯಾಪಾರ ಒಪ್ಪಂದವಿದೆ, ಲಕ್ಷಾಂತರ ನೌಕರಿಗಳಿವೆ. ಹಾಗೆಂದು ದೆಹಲಿ ಬಾಯಿ ಮುಚ್ಚಿಕೊಂಡಿರುವುದು ನಾಚಿಕೆಗೇಡು ಎಂದು ಬರೆದೆ. 2025ರ ಅಕ್ಟೋಬರಿನಲ್ಲಿ ಎಲ್ ಫಾಶರ್ ಆರ್‌ಎಸ್‌ಎಫ್ ಕೈಸೇರಿ ಅಲ್ಲಿ ಹತ್ಯಾಕಾಂಡ ನಡೆದಾಗ ನನ್ನ ಓದುಗರಿಗೆ ಆ ಊರಿನ ಹೆಸರು ಹೊಸದಾಗಿರಲಿಲ್ಲ. ಸೊರಬದಿಂದ, ರಿಪ್ಪನ್‌ಪೇಟೆಯಿಂದ ಫೋನ್ ಮಾಡಿ "ನಮ್ಮವರು ಯಾರಾದರೂ ಇನ್ನೂ ಅಲ್ಲಿದ್ದಾರೆಯೇ" ಎಂದು ವಿಚಾರಿಸಿದರು. ಇದು ನನಗೆ ಚಂದಾ ಲೆಕ್ಕಕ್ಕಿಂತ ದೊಡ್ಡದು.

ಮಲೆನಾಡಿಗೆ ವಿದೇಶ ಯಾಕೆ ಎನ್ನುವವರಿಗೆ ನನ್ನದೊಂದು ಉತ್ತರವಿದೆ. 1951ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಲ್ಲಲು ಇದೇ ತಾಲ್ಲೂಕಿಗೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, 1936ರಲ್ಲಿ ಕಾಂಗ್ರೆಸ್ಸಿನ ವಿದೇಶಾಂಗ ವಿಭಾಗವನ್ನು ನೋಡಿಕೊಳ್ಳಲು ನೇಮಕವಾದವರು. ಗೇಣಿಯೂ ಜಗತ್ತೂ ಆ ಮನುಷ್ಯನಿಗೆ ಒಂದೇ ಕಡತದಲ್ಲಿದ್ದವು.

ನಡುವೆ ಒಂದು ಪಕ್ಕದ ಪ್ರಯೋಗ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದ (ತಾಮ್ರದ ಸಲ್ಫೇಟ್) ದರವನ್ನು ತಾಮ್ರದ ರಾಜಕೀಯಕ್ಕೆ ಜೋಡಿಸಲು ನೋಡಿದೆ. 2023ರ ನವೆಂಬರಿನಲ್ಲಿ ಪನಾಮಾದ ಜನ ಬೀದಿಗಿಳಿದು, ಅಲ್ಲಿನ ಸುಪ್ರೀಂ ಕೋರ್ಟೂ ಗಣಿಯ ಗುತ್ತಿಗೆ ಅಸಾಂವಿಧಾನಿಕ ಎಂದು, ಜಗತ್ತಿನ ತಾಮ್ರದ ಶೇ 1ರಷ್ಟು ಕೊಡುತ್ತಿದ್ದ ಗಣಿ ಮುಚ್ಚಿತು. 2024ರ ಮೇ ತಿಂಗಳಲ್ಲಿ ತಾಮ್ರ ದಾಖಲೆ ಮುಟ್ಟಿತು. ಅಂಗಡಿಯ ದರ ಮಾತ್ರ ಆ ಗೆರೆಯ ಹಿಂದೆ ನೆಟ್ಟಗೆ ಬರಲಿಲ್ಲ. ಹಳೆಯ ದಾಸ್ತಾನು, ಮಧ್ಯವರ್ತಿ, ಮಳೆ, ನೂರೆಂಟು ಅಡ್ಡಬಂದವು. ಅದನ್ನು ಕೈಬಿಟ್ಟು ಪನಾಮಾದ ಆಂದೋಲನವನ್ನು ನೀರನ್ನು ಮೇಲೆತ್ತಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಎದುರು ಇಟ್ಟು ಬರೆದೆ. ಅದು ಚೆನ್ನಾಗಿ ಓಡಿತು. ಲಿಂಗನಮಕ್ಕಿ ಜಲಾಶಯದಲ್ಲಿ ನೆಲ ಮುಳುಗಿಸಿಕೊಂಡವರಿಗೇ ಇನ್ನೂ ಹಕ್ಕುಪತ್ರ ಕೊಟ್ಟು ಮುಗಿಸದ ಸರಕಾರಕ್ಕೆ ಅದೇ ಕಣಿವೆಯ ಕಾಡನ್ನು ಮತ್ತೆ ಕೇಳುವ ಹಕ್ಕಿಲ್ಲ, ಇದು ನನ್ನ ಖಡಾಖಂಡಿತ ಮಾತು.

ಇತ್ತೀಚಿನದರಲ್ಲಿ ನನಗೆ ಹೆಮ್ಮೆ ತಂದದ್ದು ಇರಾನ್ ಸಂಚಿಕೆ. 2025ರ ಜೂನ್ 13ಕ್ಕೆ ಇಸ್ರೇಲ್ ದಾಳಿ ಮಾಡಿದಾಗ ನಾನು ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಿಂದ ಶುರು ಮಾಡಿದೆ. ಆ ಗಣಿ ಎದ್ದದ್ದೇ ಇರಾನಿನ ದೊರೆ ಷಾನ ಹಣದ ಭರವಸೆಯ ಮೇಲೆ, ಅವನ ಉಕ್ಕಿನ ಕಾರ್ಖಾನೆಗಳಿಗಾಗಿ. 1979ರ ಕ್ರಾಂತಿಯಲ್ಲಿ ಷಾ ಹೋದ, ಅವನ ಹಣ ನಿಂತಿತು, ಅದಿರಿಗೆ ಬೇರೆ ಗಿರಾಕಿ ಹುಡುಕಬೇಕಾಯಿತು. ಗಣಿ ನಿಂತದ್ದು ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಡಿಸೆಂಬರ್ ಕೊನೆಗೆ. ಅಲ್ಲಿ ದುಡಿದು ನಿವೃತ್ತರಾದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಟೆಹರಾನಿನ ಬೀದಿಯಲ್ಲಿ ಸರಕಾರ ಬದಲಾದರೆ ಏನಾಗುತ್ತದೆ ಎಂಬುದನ್ನು ಸಂಬಳದ ಚೀಟಿಯಲ್ಲಿ ಕಂಡವರು. ಆ ದಾಳಿಯನ್ನು ಖಂಡಿಸಿದ, ನಾವೂ ಸದಸ್ಯರಾಗಿರುವ ಶಾಂಘೈ ಸಹಕಾರ ಸಂಘಟನೆಯ ಹೇಳಿಕೆಯಿಂದ ಭಾರತ ದೂರ ನಿಂತದ್ದು ತಪ್ಪು, ವರ್ಷದ ಹಿಂದಷ್ಟೇ ಇರಾನಿನ ಚಾಬಹಾರ್ ಬಂದರಿಗೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡವರು ಹೀಗೆ ನಡೆದುಕೊಳ್ಳಬಾರದು ಎಂದು ಬರೆದೆ. ಐವತ್ತಕ್ಕೂ ಹೆಚ್ಚು ಪತ್ರಗಳು ಬಂದವು, ಹೆಚ್ಚಿನವು ನನ್ನ ಮಾತಿಗೆ ವಿರುದ್ಧ. ಮೂರು ಸಂಚಿಕೆಗಳಲ್ಲಿ ಎಲ್ಲವನ್ನೂ ಅಚ್ಚು ಹಾಕಿದೆ. ವಿರೋಧದ ಪತ್ರ ಬರೆದವರು ಚಂದಾ ನವೀಕರಿಸುವುದು ಹೊಗಳುವವರಿಗಿಂತ ಹೆಚ್ಚು, ಇದನ್ನು ಗಮನಿಸಿ.

ಈಗಿನ ಲೆಕ್ಕ ಹೀಗಿದೆ: ಚಂದಾ ನಾಲ್ಕೂವರೆ ಲಕ್ಷದ ಹತ್ತಿರ, ಮುದ್ರಣ ಮತ್ತು ಅಂಚೆ ಮೂರು ಲಕ್ಷದ ಸುತ್ತ, ಓಡಾಟ ಮತ್ತು ಒಬ್ಬ ಹುಡುಗನ ಗೌರವಧನಕ್ಕೆ ಒಂದು ಲಕ್ಷ. ರಾಜಕಾರಣಿಗಳ ಹುಟ್ಟುಹಬ್ಬದ ಜಾಹೀರಾತು ಮುಟ್ಟುವುದಿಲ್ಲ. ಅದು ಸೇರಿದ ದಿನ ಮೊದಲ ಪ್ಯಾರಾ ಮೆತ್ತಗಾಗುತ್ತದೆ. ಮೂರನೆಯ ಪುಟದ ಅಂಕಣ ಯಾರಿಂದ ಬರೆಸುತ್ತೇನೆ ಎಂದು ಹಲವರು ಕೇಳುತ್ತಾರೆ, ಹೇಳುವುದಿಲ್ಲ. ಮುಂದಿನ ಸಂಚಿಕೆಗೆ ಕಾಳುಮೆಣಸು ಹಿಡಿದಿದ್ದೇನೆ: ವಿಯೆಟ್ನಾಂನ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂಬ ಹಳೆಯ ದೂರು, 2017ರ ಡಿಸೆಂಬರಿನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದ ಆದೇಶ, 2000ದಿಂದ ಜಾರಿಯಲ್ಲಿರುವ ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ. ಒಪ್ಪಂದದ ಪ್ರತಿ ಮೇಜಿನ ಮೇಲಿದೆ, ಅನುಬಂಧಗಳನ್ನು ಇನ್ನೂ ಓದಿ ಮುಗಿಸಬೇಕು.