ಕಾರಿನ ತಳದ ತುಕ್ಕಿಗೆ ಮನೆಯಲ್ಲೇ ತೇಪೆ: ಗ್ಯಾಸ್ ಮಿಗ್, ಗ್ಯಾಸ್‌ಲೆಸ್ ಮಿಗ್

ಹಳೆಯ ಕಾರಿನ ಮ್ಯಾಟ್ ಎತ್ತಿದರೆ ತೂತು ಮೊದಲು ಕಾಣುವುದು ಕಾಲಿಡುವ ಜಾಗದಲ್ಲೇ. ಮಳೆಗಾಲದಲ್ಲಿ ಚಪ್ಪಲಿಯ ನೀರು ಮ್ಯಾಟಿನಡಿಯ ಫೆಲ್ಟಿಗೆ ಇಳಿದು, ಅಲ್ಲೇ ನಿಂತು ತಗಡನ್ನು ತಿನ್ನುತ್ತದೆ. ಇದಕ್ಕೆ ತೇಪೆ ಹಾಕುವ ಕೆಲಸವನ್ನು ನಾನು ಬೆಂಗಳೂರಿನ ಮನೆಯ ಪೋರ್ಟಿಕೋದಲ್ಲೇ ಮಾಡಿಕೊಳ್ಳುತ್ತೇನೆ. ಮೆಷಿನ್ ಒಂದೇ: 230 ವೋಲ್ಟ್ ಸಿಂಗಲ್ ಫೇಸ್ ಇನ್ವರ್ಟರ್ ಮಿಗ್, ಅಂದರೆ ವೈರು ತಾನಾಗಿ ಹೊರಬಂದು ಆರ್ಕಿನಲ್ಲಿ (ವಿದ್ಯುತ್ ಕಿಡಿಯಲ್ಲಿ) ಕರಗಿ ಬೆಸೆಯುವ ವೆಲ್ಡಿಂಗ್ ಮೆಷಿನ್. ಅದಕ್ಕೆ 16 ಆಂಪ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಹಾಕಲೇಬೇಕಾದರೆ 2.5 ಚದರ ಮಿ.ಮೀ. ವೈರು, ಅದಕ್ಕಿಂತ ಸಣ್ಣದಾದರೆ ವೋಲ್ಟೇಜ್ ಕುಸಿದು ಆರ್ಕ್ ನಿಲ್ಲುವುದಿಲ್ಲ.

ಗ್ಯಾಸ್ ಮಿಗ್‌ನಲ್ಲಿ ಕರಗಿದ ಬೆಸುಗೆಗೆ ಗಾಳಿ ತಾಗದಂತೆ ಸಿಲಿಂಡರಿನ ಗ್ಯಾಸ್ ಕಾಯುತ್ತದೆ. ಗ್ಯಾಸ್‌ಲೆಸ್ ಅಂದರೆ ಅದೇ ಕೆಲಸ ಮಾಡುವ ಫ್ಲಕ್ಸ್ ಎಂಬ ಪುಡಿ ತುಂಬಿದ ಟೊಳ್ಳು ವೈರು. ಗಾಳಿಗೆ ಜಗ್ಗುವುದಿಲ್ಲ, ಸಿಲಿಂಡರ್ ಹೊರುವ ಕೆಲಸವಿಲ್ಲ. ಆದರೆ ಶಾಖ ಜಾಸ್ತಿ. ಸೈಲೆನ್ಸರ್ ಬ್ರಾಕೆಟ್, ಬ್ಯಾಟರಿ ಟ್ರೇಯ ಕಾಲು, 1.5 ಮಿ.ಮೀ. ಮೇಲ್ಪಟ್ಟ ಪಟ್ಟಿ, ಇವಕ್ಕೆ ಚೆನ್ನ. ಬಾಡಿಯ ಹೊರತಗಡು ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ.; ಅದಕ್ಕೆ ಇದನ್ನು ಹಿಡಿದರೆ ಇದ್ದ ತೂತು ಎರಡರಷ್ಟಾಗುತ್ತದೆ. ತೆಳು ತಗಡಿಗೆ ಗ್ಯಾಸೇ ಸರಿ.

ಹೊಸಬರು ಎಡವುವುದು ಪೋಲಾರಿಟಿಯಲ್ಲಿ. ಗ್ಯಾಸ್ ಹಾಕಿ ಗಟ್ಟಿ ವೈರು ಬಳಸುವಾಗ ಟಾರ್ಚ್ (ವೈರು ಹೊರಬರುವ, ಕೈಯಲ್ಲಿ ಹಿಡಿಯುವ ಗನ್) ಪ್ಲಸ್‌ಗೆ, ಫ್ಲಕ್ಸ್ ವೈರಿಗೆ ಟಾರ್ಚ್ ಮೈನಸ್‌ಗೆ. ವೈರು ಬದಲಿಸಿದವರು ಟರ್ಮಿನಲ್ ಬದಲಿಸದೆ ಬಿಟ್ಟರೆ ಕಿಡಿ ಸುತ್ತಲೂ ಸಿಡಿದು, ಬೆಸುಗೆ ಹಗ್ಗದ ಹಾಗೆ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ವೈರನ್ನು ತಳ್ಳುವ ರೋಲರ್ ಕೂಡ ಬೇರೆ: ಗಟ್ಟಿ ವೈರಿಗೆ ನಯವಾದ ವಿ ಆಕಾರದ ತೋಡು, ಫ್ಲಕ್ಸ್ ವೈರಿಗೆ ಹಲ್ಲಿರುವ ತೋಡು. ಟೊಳ್ಳು ವೈರನ್ನು ತುಂಬಾ ಬಿಗಿದರೆ ಚಪ್ಪಟೆಯಾಗಿ ಟಾರ್ಚಿನ ತುದಿಯ ಟಿಪ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಗ್ಯಾಸಿಗೆ ಎರಡು ದಾರಿ. ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ. ನಮ್ಮ ಗ್ಯಾರೇಜುಗಳಲ್ಲಿ ಮಿಗ್‌ಗೆ ‘ಸಿಓಟು ವೆಲ್ಡಿಂಗ್’ ಎನ್ನುವುದು ಅದರಿಂದಲೇ. ಆದರೆ ಕಿಡಿ ಜಾಸ್ತಿ. ಆರ್ಗಾನ್ 80, ಕಾರ್ಬನ್ ಡೈಆಕ್ಸೈಡ್ 20 ಇರುವ ಮಿಶ್ರಣಕ್ಕೆ ದುಡ್ಡು ಹೆಚ್ಚು, ತೆಳು ತಗಡಿನಲ್ಲಿ ಕೈಗೆ ಸಿಗುವ ಹಿಡಿತವೂ ಹೆಚ್ಚು. ನಾನು ಮಿಶ್ರಣದ ಪರ. ಹರಿವು ನಿಮಿಷಕ್ಕೆ 8ರಿಂದ 10 ಲೀಟರ್. ಆಷಾಢದ ಗಾಳಿಯಲ್ಲಿ ಪೋರ್ಟಿಕೋದ ಗ್ಯಾಸೆಲ್ಲ ಹಾರಿಹೋಗಿ, ಬೆಸುಗೆಯ ಮೈ ಸೆಟ್ ದೋಸೆಯ ಹಾಗೆ ತೂತುತೂತಾಗುತ್ತದೆ. ಆಗ ರೆಗ್ಯುಲೇಟರ್ ತಿರುಗಿಸಿ 20ಕ್ಕೆ ಏರಿಸುವುದು ತಪ್ಪು. ಜೋರು ಹರಿವು ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ. ಗಾಳಿ ಬರುವ ಕಡೆ ತಗಡಿನ ಮರೆ ನಿಲ್ಲಿಸಿ.

ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಅರ್ತ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ, ಬಣ್ಣ ಉಜ್ಜಿದ ಲೋಹಕ್ಕೆ ಕಚ್ಚಿಸಿ. ಸೀಟು, ಕಾರ್ಪೆಟ್, ಫೆಲ್ಟ್ ಎಲ್ಲ ಹೊರಗೆ. ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹೋಗುತ್ತವೆ ಎಂದು ಕಾರಿನಡಿ ಮಲಗಿ ಕಣ್ಣಾರೆ ನೋಡಿ. ತಳದ ಡಾಂಬರಿನಂಥ ಲೇಪನಕ್ಕೆ ಬೆಂಕಿ ಹಿಡಿಯುತ್ತದೆ, ಸುತ್ತ ಒಂದು ಗೇಣು ಕೆರೆದು ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ, ಕೆಳಗೆ ನೋಡಲು ಒಬ್ಬರಿರಲಿ. ತಗಡನ್ನು ಬ್ರೇಕ್ ಕ್ಲೀನರಿನಿಂದ ಒರೆಸಲೇಬೇಡಿ: ಕ್ಲೋರಿನ್ ಇರುವ ಕ್ಲೀನರ್ ಆರ್ಕಿನ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಅಸಿಟೋನ್ ಹಚ್ಚಿ ಪೂರ್ತಿ ಒಣಗಲು ಬಿಡಿ, ಡಬ್ಬಿಯನ್ನು ದೂರ ಇಡಿ.

ತುಕ್ಕಿನ ಸುತ್ತ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಗಟ್ಟಿ ಸದ್ದು ಬರುವವರೆಗೂ ಕತ್ತರಿಸಬೇಕು. ಇಲ್ಲಿ ಜಿಪುಣತನ ಮಾಡಿದರೆ ಕೊಳೆತ ತಗಡಿಗೆ ಬೆಸುಗೆ ಹಿಡಿಯದು. ತೇಪೆಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟು, ಸುಮಾರು 0.9 ಮಿ.ಮೀ. ಸತು ಲೇಪಿಸಿದ ಜಿಐ ಶೀಟು ಬೇಡ, ಸತುವಿನ ಹೊಗೆ ಚಳಿಜ್ವರ ತರಿಸುತ್ತದೆ. ಮೂಲೆ ದುಂಡಗಿರಲಿ. ತಳಕ್ಕೆ 12ರಿಂದ 15 ಮಿ.ಮೀ. ಒಂದರ ಮೇಲೊಂದು ಬರುವಂತೆ ಇಟ್ಟು, ನಡುವೆ ವೆಲ್ಡ್ ಮಾಡಬಹುದಾದ ಸತುವಿನ ಪ್ರೈಮರ್ ಹಚ್ಚಿ, ತೇಪೆಯಲ್ಲಿ 30ರಿಂದ 40 ಮಿ.ಮೀ.ಗೊಂದು 6 ಮಿ.ಮೀ. ತೂತು ಕೊರೆದು ಬೆಸುಗೆಯಿಂದ ತುಂಬುತ್ತೇನೆ. ತೂತಿನೊಳಗಿನ ಪ್ರೈಮರನ್ನು ಮಾತ್ರ ಕೆರೆಯಬೇಕು.

0.8 ಮಿ.ಮೀ. ವೈರು, 40ರಿಂದ 50 ಆಂಪ್, 15ರಿಂದ 16 ವೋಲ್ಟ್. ಮೊದಲು ಅದೇ ಶೀಟಿನ ತುಂಡಿನ ಮೇಲೆ ಹಾಕಿ ನೋಡಿ. ಟಿಪ್‌ನಿಂದ ವೈರು 8ರಿಂದ 10 ಮಿ.ಮೀ. ಹೊರಗಿರಲಿ, ಫ್ಲಕ್ಸ್ ವೈರಾದರೆ 15, ಟಾರ್ಚನ್ನು ನಿಮ್ಮ ಕಡೆಗೇ ಎಳೆಯುತ್ತಾ. ಕಿವಿ ಕೊಡಿ: ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಒಂದೇ ಸಮನೆ ಚಟಪಟ ಬಂದರೆ ಸರಿ. ವೈರು ಕೈಯನ್ನು ಹಿಂದಕ್ಕೆ ತಳ್ಳಿದರೆ ವೇಗ ಜಾಸ್ತಿ, ಟಿಪ್‌ಗೇ ಸುಟ್ಟು ಅಂಟಿಕೊಂಡರೆ ಕಡಿಮೆ. ಅಂಚಿನಲ್ಲಿ ಉದ್ದ ಎಳೆಯಬೇಡಿ, ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಂದು ಸೆಕೆಂಡಿನ ಚುಕ್ಕೆ, ಮುಂದಿನದು ಎದುರು ಬದಿಯಲ್ಲಿ, ಕೈ ಇಡುವಷ್ಟು ಆರಿದ ಮೇಲೆ ಮತ್ತೊಂದು. ತೂತು ಬಿದ್ದರೆ ಹಿಂದೆ ತಾಮ್ರದ ತುಂಡು ಒತ್ತಿ ಹಿಡಿದು ತುಂಬಿ, ತಾಮ್ರಕ್ಕೆ ಬೆಸುಗೆ ಅಂಟುವುದಿಲ್ಲ.

ಸೀಟ್ ಬೆಲ್ಟ್ ಬೋಲ್ಟಿನ ಜಾಗ, ಬಾಗಿಲ ನಡುಕಂಬ, ಇವನ್ನು ಮನೆಯಲ್ಲಿ ಮುಟ್ಟಬೇಡಿ. ಹೊಸ ಕಾರುಗಳ ಕಂಬದ ಹೈ ಸ್ಟ್ರೆಂತ್ ಉಕ್ಕು ಶಾಖಕ್ಕೆ ಮೆತ್ತಗಾಗುತ್ತದೆ, ಅಪಘಾತದಲ್ಲಿ ಮನುಷ್ಯರನ್ನು ಉಳಿಸಬೇಕಾದದ್ದು ಅದೇ.

ಮುಗಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಇದ್ದು ಹೊಗೆ ಬರುತ್ತಿದೆಯಾ ನೋಡಿ. ಫ್ಲಕ್ಸ್ ವೈರು ಬಳಸಿದ್ದರೆ ಸ್ಲ್ಯಾಗನ್ನು (ಬೆಸುಗೆಯ ಮೇಲೆ ಕೂರುವ ಗಟ್ಟಿ ಸಿಪ್ಪೆಯನ್ನು) ಪೂರ್ತಿ ಕುಟ್ಟಿ ಬ್ರಷ್ ಮಾಡಿ. ಉಳಿದರೆ ಬಣ್ಣ ಎದ್ದು ಮತ್ತೆ ತುಕ್ಕು. ಎಪಾಕ್ಸಿ ಪ್ರೈಮರ್, ಒಳಗೂ ಹೊರಗೂ ಸೀಮ್ ಸೀಲರ್ (ಜೋಡಣೆಯ ಸಂದು ಮುಚ್ಚುವ ಪೇಸ್ಟ್), ಅಡಿಯಿಂದ ಅಂಡರ್‌ಕೋಟ್. ತಳದ ನೀರಿಳಿಯುವ ತೂತುಗಳಿಗೆ ಮೊದಲೇ ಟೇಪ್ ಅಂಟಿಸಿಟ್ಟು, ಅಂಡರ್‌ಕೋಟ್ ಒಣಗುವ ಮುಂಚೆ ಕಿತ್ತುಬಿಡಿ.